ನಮ್ಮ ಕಡೆಯ ಮೇಳಗಳಲ್ಲಿ ಪ್ರಸಂಗದ ಆಯ್ಕೆ

ಭರತಮುನಿಯ ನಾಟ್ಯಶಾಸ್ತ್ರದ ಪ್ರಥಮಾಧ್ಯಾಯದಲ್ಲಿ ಬರುವ ಕಥೆಯನ್ನು ವಾಚಕ ಮಹಾಶಯರಲ್ಲಿ ಅನೇಕರು ಬಲ್ಲರು. ಬ್ರಹ್ಮದೇವನು ನಾಲ್ಕು ವೇದಗಳ ಸಾರವನ್ನೆತ್ತಿ ನಾಟ್ಯವೆಂಬ ಐದನೆಯ ವೇದವನ್ನು ನಿರ್ಮಿಸಿದನು. ಭರತನು ಅದನ್ನು ತನ್ನ ನೂರು ಮಂದಿ ಪುತ್ರರಿಗೆ ಕಲಿಸಿ, ಇಂದ್ರಧ್ವಜದ ಉತ್ಸವಕಾಲದಲ್ಲಿ ಮೊದಲನೆಯ ಪ್ರಯೋಗವನ್ನು ನಡೆಸಿದನು. ಅದಕ್ಕೆ ಆರಿಸಿಕೊಂಡ ವಸ್ತುವಾದರೋ ದೇವತೆಗಳಿಂದ ದೈತ್ಯರಿಗಾದ ಪರಾಜಯವು. ಸಭೆಯಲ್ಲಿ ದೈತ್ಯರೂ ಕುಳಿತಿದ್ದರು. ಅವರು ಕೆರಳಿ, ವಿಘ್ನಗಳೊಡನೆ ಕೂಡಿಕೊಂಡು, ನಟರ ಮಾತನ್ನೂ ಚಲನೆಯನ್ನೂ ನೆನಪನ್ನೂ ಸ್ತಂಭಿಸಿಬಿಟ್ಟರು. ಇಂದ್ರನು ಧ್ವಜದಂಡದಿಂದ ಅವರನ್ನು ಜರ್ಜರಗೊಳಿಸಬೇಕಾಯಿತು. ಬ್ರಹ್ಮನು ತಾನೇ ಬಂದು, ನಾಟ್ಯವು ಒಂದು ಪಕ್ಷದವರ ಸೊತ್ತಲ್ಲವೆಂದೂ ಅದರಲ್ಲಿ ಇಬ್ಬರ ಶುಭಾಶುಭಗಳೂ ತೋರುವುವೆಂದೂ ಸಮಾಧಾನ ಹೇಳಬೇಕಾಯಿತು. ಆಮೇಲೆ ಅಮೃತಮಂಥನವನ್ನು ಆಡಿದರು; ಕೈಲಾಸಕ್ಕೆ ಹೋದಾಗ ಶಿವನೆದುರಿಗೆ ಶಿವನದೇ ಪರಾಕ್ರಮವಾದ ತ್ರಿಪುರದಾಹವನ್ನು ಆಡಿ ಮೆಚ್ಚಿಸಿದರು.

ಈ ಕಥೆಯನ್ನು ರಂಗಪೂಜೆಯ ಮೂಲವೆಂದು ಹೇಳುವುದು ವಾಡಿಕೆ. ಆದರೆ ಇದು ನಾಟಕದ ಆಯ್ಕೆಯ ಕಥೆಯೂ ಅಹುದು. ಯಾರೆದುರಿಗೆ ಯಾವುದನ್ನು ಆಡಬೇಕೆಂಬ ಪ್ರಶ್ನೆಯು ನಾಟ್ಯದೊಡನೆಯೇ ಹುಟ್ಟಿತೆಂದು ಶಾಸ್ತ್ರಕಾರನೇ ಒಪ್ಪಿಕೊಂಡಂತಾಯಿತು. ಕಾಳಿದಾಸನೂ ಮಾಲವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿ ಇದನ್ನೇ ಎತ್ತಿರುವನು. ಭಾಸ, ಸೌಮಿಲ್ಲರಂಥ ಪ್ರಸಿದ್ಧರ ಕೃತಿಗಳಿರಲು ಈಗಿನ ಕವಿಯೊಬ್ಬನದನ್ನು ಆಡುವುದೇಕೆಂದು ಪಾರಿಪಾರ್ಶ್ವಕನು ಕೇಳುತ್ತಾನೆ. ಕೃತಿಯ ವಯಸ್ಸನ್ನಲ್ಲ, ಗುಣವನ್ನು ನೋಡಬೇಕೆಂಬುದು ಸೂತ್ರಧಾರನ ಉತ್ತರದ ಸಾರ. ಭಟಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳ ಮೇಳಗಳೂ ನಾಟಕಮಂಡಳಿಗಳೂ ಈ ಪ್ರಶ್ನೆಗೆ ಕಾಲಕಾಲಕ್ಕೆ ಕೊಟ್ಟ ಉತ್ತರಗಳಾವುವು, ಕೊಡದೆ ಉಳಿದ ಉತ್ತರವಾವುದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ಭೂಮಿಗೆ ಗೀತನಾಟ್ಯಗಳ ನಂಟು ಹೊಸದಲ್ಲ. ಭಟಕಳ ತಾಲೂಕಿನ ಹಾಡುವಳ್ಳಿಯು ಶಾಸನಗಳಲ್ಲಿ ಸಂಗೀತಪುರವೆಂದು ಹೆಸರಾಗಿದೆ. ಸಾಳುವ ಅರಸರ ರಾಜಧಾನಿಯಾಗಿದ್ದ ಆ ಊರಿನ ಮಠದ ಪರಂಪರೆಯಲ್ಲಿಯೇ ೧೬೦೪ರಲ್ಲಿ ಕರ್ಣಾಟಕ ಶಬ್ದಾನುಶಾಸನವನ್ನು ರಚಿಸಿದ ಭಟ್ಟಾಕಳಂಕನು ಬಂದನು. ಇನ್ನು ಸ್ಥಳಪುರಾಣವನ್ನು ನೋಡಿದರೆ, ರಾವಣನು ಆತ್ಮಲಿಂಗವನ್ನು ತಂದ ಕಥೆಗೆ ನಮ್ಮ ಕರಾವಳಿಯೇ ರಂಗಸ್ಥಳ. ಪಂಚಕ್ಷೇತ್ರಗಳಲ್ಲಿ ಗೋಕರ್ಣ, ಧಾರೇಶ್ವರಗಳು ಕುಮಟೆಯಲ್ಲಿ, ಗುಣವಂತೆಯು ಹೊನ್ನಾವರದಲ್ಲಿ, ಮುರ್ಡೇಶ್ವರವು ಭಟಕಳದಲ್ಲಿ ಇರುವುವು. ಕಾರವಾರದ ಸೆಜ್ಜೇಶ್ವರವೊಂದೇ ಹೊರಗಿನದು. ಇದೇ ಕಥೆಯು ಭೂಕೈಲಾಸವೆಂಬ ಹೆಸರಿನಿಂದ ಕಂಪನಿ ನಾಟಕವಾಗಿ ಊರೂರು ತಿರುಗಿ, ೧೯೫೮ರಲ್ಲಿ ಕನ್ನಡ ಚಲಚ್ಚಿತ್ರವೂ ಆಯಿತು. ನಮ್ಮವರು ಅದನ್ನು ನೋಡುವಾಗ ಪುರಾಣವನ್ನಷ್ಟೇ ಅಲ್ಲ, ತಮ್ಮೂರಿನ ಸಮಾಚಾರವನ್ನೂ ನೋಡುತ್ತಿದ್ದರು.

ಬಯಲಾಟದ ಮೇಳಗಳಲ್ಲಿ ಪ್ರಸಂಗವನ್ನು ಆರಿಸುತ್ತಿದ್ದ ಕ್ರಮವನ್ನು ಮೊದಲು ಹೇಳಬೇಕು. ದೀಪಾವಳಿ ಕಳೆದ ಮೇಲೆ ಹೊರಟ ಮೇಳವು ಮಳೆಗಾಲಕ್ಕೆ ಮೊದಲು ಗೆಜ್ಜೆ ಬಿಚ್ಚುವುದು. ನಡುವಣ ಆರು ತಿಂಗಳಲ್ಲಿ ಆಟ ಆಡಿಸುವ ಮನೆಯವರು ವೀಳ್ಯ ಕೊಡುವಾಗಲೇ ಪ್ರಸಂಗದ ಮಾತೂ ಆಗಿಹೋಗುತ್ತಿತ್ತು. ಹರಕೆಯ ಆಟವಾದರೆ ಹರಕೆಗೆ ತಕ್ಕ ಪ್ರಸಂಗ. ಶುಭಕಾರ್ಯದ ಆಟವಾದರೆ ಕಲ್ಯಾಣದಲ್ಲಿ ಮುಗಿಯುವ ಪ್ರಸಂಗ. ಮದುವೆಯ ಚಪ್ಪರದ ಮುಂದೆ ಅಭಿಮನ್ಯು ಮಡಿಯುವುದನ್ನು ಯಾರು ತಾನೆ ಬಯಸುವರು? ಮಳೆ ತಡವಾದಾಗ ವಿರಾಟಪರ್ವವನ್ನು ಓದಿಸುವುದು ಕನ್ನಡನಾಡಿನಲ್ಲಿ ಬಹುಕಾಲದ ನಂಬಿಕೆ. ಪ್ರಸಂಗಗಳ ತಾಳೆಗರಿಯ ಪ್ರತಿಗಳಲ್ಲಿ ವಿದ್ವಾಂಸರು ೧೫೬೪ರದೆಂದು ಗುರುತಿಸಿರುವುದೂ ವಿರಾಟಪರ್ವದ್ದೇ.

ಮನೆಯವರ ಇಷ್ಟವು ಒಂದು ತಕ್ಕಡಿಯಾದರೆ ಮೇಳದ ಬಲವು ಇನ್ನೊಂದು. ಇದನ್ನು ತೂಗಿನೋಡುವ ಹೊಣೆಯು ಭಾಗವತನದು. ಅವನು ಚೌಕಿಯಲ್ಲಿ ಕುಳಿತು, ಈ ರಾತ್ರಿ ಎಷ್ಟು ಪುರುಷವೇಷಗಳು ಗಟ್ಟಿಯಾಗಿವೆ, ಸ್ತ್ರೀವೇಷದವನ ಕಂಠ ಹೇಗಿದೆ, ಬಣ್ಣದ ವೇಷದವನು ಬಂದಿರುವನೇ, ಹಾಸ್ಯಗಾರನಿಗೆ ಕೆಲಸವುಂಟೇ ಎಂದು ಎಣಿಕೆಹಾಕುವನು. ಕರ್ಣಪರ್ವವು ಎರಡು ಮೂರು ಸಮರ್ಥ ವೇಷಗಳ ಮೇಲೆ ನಿಲ್ಲುತ್ತದೆ. ಅವರ ಅರ್ಥಗಾರಿಕೆ ಸೊರಗಿದರೆ ಬೆಳಗಿನವರೆಗೆ ಅದನ್ನು ಎತ್ತಿಹಿಡಿಯುವ ಬೇರೆ ಆಸರೆಯಿಲ್ಲ. ಕೃಷ್ಣಾರ್ಜುನರ ಕಾಳಗದಲ್ಲಿಯಾದರೋ ಭಾರವು ಹಲವರಲ್ಲಿ ಹಂಚಿಹೋಗುತ್ತದೆ. ಭಸ್ಮಾಸುರ ಮೋಹಿನಿಗೆ ಒಬ್ಬ ರಾಕ್ಷಸನಷ್ಟೇ ಸಾಲದು, ಅವನನ್ನು ಕುಣಿಸಬಲ್ಲ ಮೋಹಿನಿಯೂ ಬೇಕು. ಪಾತ್ರಗಳಿಗೆ ನಟರನ್ನು ಹೊಂದಿಸುವ ಬಗ್ಗೆ ಭರತನು ಒಂದು ಪ್ರಕರಣವನ್ನೇ ಬರೆದಿರುವನು. ಅದನ್ನು ಓದದ ಭಾಗವತನೂ ಅದರ ತತ್ತ್ವವನ್ನು ಅನುಭವದಿಂದ ಬಲ್ಲನು.

ಇಡೀ ರಾತ್ರಿಯ ಆಟಕ್ಕೆ ಎರಡು ಮೂರು ಆಖ್ಯಾನಗಳನ್ನು ಜೋಡಿಸುವುದರಲ್ಲಿಯೂ ಒಂದು ವಿವೇಕವಿತ್ತು. ಮಕ್ಕಳೂ ಹೆಂಗಸರೂ ಎಚ್ಚರವಾಗಿರುವ ಮೊದಲ ಜಾವಕ್ಕೆ ಒಡ್ಡೋಲಗದ ವೈಭವ, ನಡುರಾತ್ರಿಗೆ ಮಾತು ಬಲ್ಲವರ ಸಂವಾದ, ಕಣ್ಣು ಎಳೆಯುವ ಕೊನೆಯ ಜಾವಕ್ಕೆ ಚಂಡೆಯ ಬಿರುಸಿನ ಕಾಳಗ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು, ದೇವಿದಾಸನ ಭಾರತದ ಪ್ರಸಂಗಗಳು ಗಡಿಗಳನ್ನು ದಾಟಿ ನಮ್ಮಲ್ಲಿಗೆ ಬಂದು ನೆಲೆನಿಂತುದು ಹೀಗೆ ಆಡಲು ಒದಗಿದುದರಿಂದಲೇ. ಉಡುಪಿಯ ಪಾವಂಜೆ ಗುರುರಾಯರಂಥ ಪ್ರಕಾಶಕರು ಪ್ರಸಂಗಗಳನ್ನು ಅಚ್ಚುಹಾಕಿಸಿದ ಮೇಲೆ ಅವು ಮತ್ತಷ್ಟು ಮನೆಗಳಿಗೆ ಹರಡಿದುವು. ಅಚ್ಚಿನಿಂದ ಉಪಕಾರದೊಡನೆ ಒಂದು ಅಪಕಾರವೂ ಆಯಿತೆನ್ನಬೇಕು. ಅಚ್ಚಾದುದನ್ನು ಎಲ್ಲರೂ ಆಡಿದರು. ಅಚ್ಚಾಗದೆ ಅಟ್ಟದ ಮೇಲೆ ಉಳಿದ ತಾಳೆಗರಿಯ ಕಟ್ಟನ್ನು ಗೆದ್ದಲು ಆಡಿಸಿತು.

ಇನ್ನು ಮೇಳದಿಂದ ನಾಟಕಕ್ಕೆ ಬರೋಣ. ೧೮೪೨ರ ಸುಮಾರಿಗೆ ಕರ್ಣಾಟಕದ ಭಾಗವತರ ತಂಡವೊಂದು ಸಾಂಗಲಿಗೆ ಹೋಗಿ ಆಟವಾಡಿತು. ಅದನ್ನು ನೋಡಿದ ಅಲ್ಲಿಯ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರು, ಇಂಥದೇ ಆಟವನ್ನು ಮರಾಠಿಯಲ್ಲಿ ಹೆಚ್ಚು ಅಚ್ಚುಕಟ್ಟಾಗಿ ಕಟ್ಟಬೇಕೆಂದು ತಮ್ಮ ಆಶ್ರಿತರಾದ ವಿಷ್ಣುದಾಸ ಭಾವೆಯವರಿಗೆ ಆಜ್ಞಾಪಿಸಿದರು. ೧೮೪೩ರ ನವೆಂಬರ್ ೫ರಂದು ಸೀತಾಸ್ವಯಂವರವು ಪ್ರಯೋಗವಾಯಿತು. ಮಹಾರಾಷ್ಟ್ರದವರು ಆ ದಿನವನ್ನು ಇಂದಿಗೂ ರಂಗಭೂಮಿಯ ದಿನವೆಂದು ಆಚರಿಸುವರು. ಸೂತ್ರಧಾರನು ಪದ್ಯ ಹಾಡುವುದು, ಪಾತ್ರಧಾರಿಗಳು ಆಶುವಾಗಿ ಅರ್ಥ ಹೇಳುವುದು ಇವೆಲ್ಲವೂ ನಮ್ಮ ಭಾಗವತನ ಮನೆಯ ಪದ್ಧತಿಗಳೇ. ಸಾಂಗಲಿಗೆ ಹೋದ ಆ ತಂಡವು ಹೊನ್ನಾವರದ ಬಳಿಯ ಕರ್ಕಿಯದೆಂಬ ನಂಬಿಕೆಯು ನಮ್ಮ ಕಡೆ ಬಲವಾಗಿದೆ. ಇಲ್ಲಿ ಗಮನಿಸಬೇಕಾದುದು ಬೇರೊಂದು. ಭಾವೆಯವರು ತಮ್ಮ ಮೊದಲ ಆಟಕ್ಕೆ ಕಾಳಗವನ್ನು ಆರಿಸದೆ ಸ್ವಯಂವರವನ್ನು ಆರಿಸಿದರು. ರಾಜಸಭೆಗೆ ಮಂಗಳಾಂತವಾದ, ಎಲ್ಲರೂ ಬಲ್ಲ, ಯಾರನ್ನೂ ನೋಯಿಸದ ಕಥೆ ಅದು. ಭರತಪುತ್ರರು ಮಾಡಿದ ತಪ್ಪನ್ನು ಅವರು ಮಾಡಲಿಲ್ಲ.

೧೮೬೨ರಲ್ಲಿ ನಮ್ಮ ಜಿಲ್ಲೆಯು ಮದ್ರಾಸ್ ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿತು. ಕುಮಟೆಯು ಆಗ ಹತ್ತಿಯ ಬಂದರವಾಗಿ ಮುಂಬಯಿಯೊಡನೆ ವ್ಯಾಪಾರದಿಂದ ಬೆಸೆದುಕೊಂಡಿತ್ತು. ಕನ್ನಡದ ಬೀಜದಿಂದ ಬೆಳೆದ ಮರಾಠೀ ನಾಟಕವು ಸಂಗೀತದ ಸೊಬಗಿನೊಡನೆ ಕನ್ನಡನಾಡಿಗೆ ಮರಳಿ ಬಂದು, ಇಲ್ಲಿಯವರ ಮನಸ್ಸನ್ನು ಸೂರೆಗೊಂಡಿತು. ಧಾರವಾಡ, ಗದಗುಗಳಲ್ಲಿ ಕನ್ನಡಿಗರೇ ಮರಾಠೀ ನಾಟಕಗಳನ್ನು ಆಡುವಂತಾಯಿತು. ಇದಕ್ಕೆ ಇದಿರಾಗಿ ಎದ್ದವರು ಶಾಂತಕವಿಗಳು. ಸಕ್ಕರಿ ಬಾಳಾಚಾರ್ಯರೆಂಬ ಆ ಶಾಲಾಮಾಸ್ತರರು ೧೮೭೦ರ ದಶಕದಲ್ಲಿ ಗದಗಿನಲ್ಲಿ ವೀರನಾರಾಯಣನ ಹೆಸರಿನಿಂದ ಮಂಡಳಿಯನ್ನು ಕಟ್ಟಿ ಉಷಾಹರಣವೇ ಮೊದಲಾದುವನ್ನು ಕನ್ನಡದಲ್ಲಿ ಆಡಿಸಿದರು. ಅದಕ್ಕೂ ಮೊದಲು ೧೮೬೯ರಲ್ಲಿ ಚುರಮುರಿ ಶೇಷಗಿರಿರಾಯರ ಶಾಕುಂತಲವು ಪ್ರಕಟವಾಗಿತ್ತು. ಆ ಕಾಲದಲ್ಲಿ ನಾಟಕವನ್ನು ಆರಿಸುವುದೆಂದರೆ ಭಾಷೆಯನ್ನು ಆರಿಸುವುದೇ ಆಗಿತ್ತು. ಕಥೆ ಯಾವುದಾದರೂ ಸರಿ, ಕನ್ನಡವಾಗಿರಬೇಕೆಂಬ ಹಟವು ಅಂದಿಗೆ ತಕ್ಕುದೇ. ಆದರೆ ಆ ಹಟದಲ್ಲಿ ಕಥೆಯು ಪುರಾಣದ ಗೆರೆಯನ್ನು ದಾಟಲಿಲ್ಲ.

ಗೆರೆಯನ್ನು ದಾಟಿದವನು ನಮ್ಮ ಕರ್ಕಿಯವನೇ. ೧೮೮೭ರಲ್ಲಿ ಸೂರಿ ವೆಂಕಟರಮಣ ಶಾಸ್ತ್ರಿಗಳು 'ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ'ವನ್ನು ಬರೆದು ಪ್ರಕಟಿಸಿದರು. ಕನ್ಯಾವಿಕ್ರಯದ ಪರಿಣಾಮವೆಂಬುದು ಅದರ ಇನ್ನೊಂದು ಹೆಸರು. ಕನ್ನಡದ ಮೊದಲನೆಯ ಸಾಮಾಜಿಕ ನಾಟಕವೆಂದು ಸಾಹಿತ್ಯಚರಿತ್ರಕಾರರು ಇದನ್ನು ಎಣಿಸಿರುವರು. ಹೆಣ್ಣುಮಕ್ಕಳನ್ನು ಹಣಕ್ಕೆ ಕೊಡುವ ಪದ್ಧತಿಯನ್ನು, ಅದು ನಡೆಯುತ್ತಿದ್ದ ಮನೆಗಳ ಜಗಲಿಯ ಮಾತಿನಲ್ಲಿಯೇ, ಅಂದರೆ ಹವ್ಯಕರ ಆಡುನುಡಿಯಲ್ಲಿಯೇ, ಶಾಸ್ತ್ರಿಗಳು ನಗೆಗೀಡುಮಾಡಿದರು. ರಾಜರಿಲ್ಲ, ರಾಕ್ಷಸರಿಲ್ಲ, ನಮ್ಮ ನಿಮ್ಮ ಮನೆಯ ಹೆಗಡೆಯೂ ಭಟ್ಟರೂ ರಂಗದ ಮೇಲೆ ಬಂದುಬಿಟ್ಟರು.

ಇದರ ಕಾಲವನ್ನು ಸುತ್ತಲಿನ ಭಾಷೆಗಳೊಡನೆ ಹೋಲಿಸಿದರೆ ಇದರ ಬೆಲೆ ತಿಳಿಯುವುದು. ತೆಲುಗಿನಲ್ಲಿ ಗುರಜಾಡ ಅಪ್ಪಾರಾಯರ ಕನ್ಯಾಶುಲ್ಕವು ಇದೇ ಅನಿಷ್ಟವನ್ನು ಕುರಿತುದು. ಅದು ವಿಜಯನಗರದಲ್ಲಿ ಮೊದಲು ರಂಗವೇರಿದುದು ೧೮೯೨ರಲ್ಲಿ, ಅಚ್ಚಾದುದು ೧೮೯೭ರಲ್ಲಿ. ಮರಾಠಿಯಲ್ಲಿ ಗೋವಿಂದ ಬಲ್ಲಾಳ ದೇವಲರ ಸಂಗೀತ ಶಾರದೆಯು ಮುದುಕನಿಗೆ ಎಳೆಯ ಹುಡುಗಿಯನ್ನು ಕೊಡಹೊರಟ ಕಥೆ. ಅದು ಬಂದುದು ೧೮೯೯ರಲ್ಲಿ. ಸೂರಿಯವರ ಪ್ರಹಸನವು ಕನ್ಯಾಶುಲ್ಕದ ಪ್ರಯೋಗಕ್ಕಿಂತ ೫ ವರ್ಷ, ಶಾರದೆಗಿಂತ ೧೨ ವರ್ಷ ಹಿರಿದು. ಆದರೂ ಕನ್ಯಾಶುಲ್ಕವು ತೆಲುಗರ ಮನೆಮಾತಾಯಿತು. ಶಾರದೆಯನ್ನು ಕಿರ್ಲೋಸ್ಕರ ಮಂಡಳಿಯಂಥ ದೊಡ್ಡ ಮಂಡಳಿಯು ಎತ್ತಿಕೊಂಡು ಊರೂರಿಗೆ ಮುಟ್ಟಿಸಿತು. ಇಗ್ಗಪ್ಪ ಹೆಗ್ಗಡೆಗೆ ಆ ರಂಗಭಾಗ್ಯವು ದೊರೆಯಲಿಲ್ಲ. ಅವನು ಬಹುಮಟ್ಟಿಗೆ ಸಾಹಿತ್ಯಚರಿತ್ರೆಯ ಒಂದು ಪಂಕ್ತಿಯಾಗಿ ಉಳಿದನು.

ಇದಕ್ಕೆ ಕಾರಣವೇನು? ಆಡುನುಡಿಯು ಸಂಕುಚಿತವೆಂದು ಕೆಲವರು ಹೇಳಬಹುದು. ಆದರೆ ಕನ್ಯಾಶುಲ್ಕವೂ ಆಡುನುಡಿಯ ನಾಟಕವೇ. ಅದರ ಹಿರಿಮೆಗೆ ಆಡುನುಡಿಯೇ ಕಾರಣವೆಂದು ಆಂಧ್ರರು ಹೇಳುವರು. ನಿಜವಾದ ಕಾರಣಗಳು ಆಯ್ಕೆಯ ವ್ಯವಸ್ಥೆಯಲ್ಲಿವೆಯೆಂದು ನನಗೆ ತೋರುತ್ತದೆ. ನಮ್ಮಲ್ಲಿದ್ದುದು ಬಯಲಾಟದ ಮೇಳ. ಅದಕ್ಕೆ ಪದ್ಯ ಬೇಕು, ಕಿರೀಟ ಬೇಕು, ಕುಣಿತಕ್ಕೆ ಎಡೆ ಬೇಕು. ಗದ್ಯಪ್ರಹಸನವು ಅದರ ಬಾಯಿಗೆ ಹಿಡಿಸುವ ತುತ್ತಲ್ಲ. ಗದ್ಯ ನಾಟಕಗಳನ್ನು ಆಡಬಲ್ಲ ಮಂಡಳಿಗಳಾದರೋ ಘಟ್ಟದ ಮೇಲಿನವು. ಅವುಗಳಿಗೆ ಈ ನುಡಿಯೂ ಈ ಮನೆತನಗಳೂ ಅಪರಿಚಿತ. ಇವೆರಡಕ್ಕಿಂತ ದೊಡ್ಡ ಕಾರಣ ಇನ್ನೊಂದು. ಆಟ ಆಡಿಸುವವರು, ವೀಳ್ಯ ಕೊಡುವವರು, ಮುಂದಿನ ಸಾಲಿನಲ್ಲಿ ಕುಳಿತು ಮೆಚ್ಚುವವರು ಯಾರು? ಪ್ರಹಸನವು ಯಾರನ್ನು ಕುರಿತು ನಗುತ್ತಿತ್ತೋ ಆ ಗೃಹಸ್ಥವರ್ಗದವರೇ. ತನ್ನ ಮನೆಯ ಅಂಗಳದಲ್ಲಿ ತನ್ನ ಹಣದಿಂದ ತನ್ನನ್ನೇ ಹಾಸ್ಯಮಾಡಿಸಿಕೊಳ್ಳಲು ಯಾವ ಹೆಗಡೆಯು ವೀಳ್ಯ ಕೊಟ್ಟಾನು? ಭರತನ ಸಭೆಯಲ್ಲಿ ದೈತ್ಯರು ಎದ್ದುನಿಂತು ವಿಘ್ನಮಾಡಿದರು. ನಮ್ಮಲ್ಲಿ ಎದ್ದುನಿಲ್ಲುವ ಪ್ರಮೇಯವೇ ಬರಲಿಲ್ಲ. ಕೇಳದಿದ್ದರೆ ಸಾಕು, ಆಟವು ತಾನಾಗಿಯೇ ನಿಲ್ಲುವುದು. ಪ್ರಸಂಗವನ್ನು ನಿಷೇಧಿಸುವುದಕ್ಕಿಂತ ಅದನ್ನು ಆರಿಸದೆ ಬಿಡುವುದು ಎಷ್ಟು ಸುಲಭ!

ಮುಂದಿನ ಕಾಲಕ್ಕೆ ಬಂದರೆ, ೧೯೩೪ರಲ್ಲಿ ಎರಡು ಘಟನೆಗಳನ್ನು ಜೋಡಿಸಿ ನೋಡಬಹುದು. ಆ ವರ್ಷ ಗುಬ್ಬಿ ವೀರಣ್ಣನವರ ಕಂಪನಿಯು ಆನೆ ಕುದುರೆಗಳನ್ನು ರಂಗದ ಮೇಲೆ ತಂದು ಬೆಂಗಳೂರಿನಲ್ಲಿ ಕುರುಕ್ಷೇತ್ರ ನಾಟಕವನ್ನು ಆಡಿತು. ಅದೇ ವರ್ಷ ಹೊನ್ನಾವರ ತಾಲೂಕಿನಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮಹಾಗಣಪತಿಯ ಹೆಸರಿನಲ್ಲಿ ಮೇಳವನ್ನು ಕಟ್ಟಿದರು. ಆನೆಯಿಲ್ಲ, ಪರದೆಯಿಲ್ಲ, ಭಾರತದ ಆ ಕಥೆಯನ್ನೇ ಮಾತಿನಿಂದಲೂ ಮುಖದಿಂದಲೂ ಕಟ್ಟಿನಿಲ್ಲಿಸುವ ಹವಣು. ಮುಂದೆ ಡೇರೆ ಕಟ್ಟಿ ಟಿಕೇಟು ಮಾರುವ ಪದ್ಧತಿಯು ಬಂದಾಗ ಆಯ್ಕೆಯ ಅಧಿಕಾರವು ಮನೆಯ ಯಜಮಾನನ ಕೈಯಿಂದ ಟಿಕೇಟಿನ ಕಿಟಿಕಿಗೆ ಹೋಯಿತು. ಹಿಂದೆ ಒಬ್ಬನನ್ನು ಒಪ್ಪಿಸಿದರೆ ಸಾಕಾಗಿತ್ತು. ಈಗ ಸಾವಿರ ಮಂದಿಯನ್ನು ಒಪ್ಪಿಸಬೇಕು. ಇದರಿಂದ ಬಡವನಿಗೂ ಆಯ್ಕೆಯಲ್ಲಿ ಪಾಲು ದೊರೆತುದು ನಿಜ. ಆದರೆ ನಾಗಶ್ರೀ, ಚೆಲುವೆ ಚಿತ್ರಾವತಿಗಳಂಥ ಕಾಲ್ಪನಿಕ ಪ್ರಸಂಗಗಳು ಡೇರೆಗಳನ್ನು ತುಂಬಿಸತೊಡಗಿದಾಗ, ಹಳೆಯ ಪ್ರಸಂಗಗಳಲ್ಲಿ ಅನೇಕವು ಹಿಂದೆ ಸರಿದುವು. ಕೆರೆಮನೆಯವರು ಮಾತ್ರ ಪೌರಾಣಿಕ ಪ್ರಸಂಗಗಳನ್ನು ಕೈಬಿಡದೆ, ಅವುಗಳ ಒಳಗಿನ ಭಾವವನ್ನು ಹಿಗ್ಗಿಸುವ ದಾರಿಯನ್ನು ಹಿಡಿದರು. ಶಿವರಾಮ ಹೆಗಡೆಯವರ ಪುತ್ರ ಶಂಭು ಹೆಗಡೆಯವರು ೨೦೦೯ರ ಫೆಬ್ರವರಿಯಲ್ಲಿ ಇಡಗುಂಜಿಯ ರಥೋತ್ಸವದ ಆಟದಲ್ಲಿ, ರಾಮನ ವೇಷದಲ್ಲಿದ್ದಾಗಲೇ ಅಸ್ವಸ್ಥರಾಗಿ ದಿವಂಗತರಾದರು. ಬದುಕಿನುದ್ದಕ್ಕೂ ತಾವು ಆರಿಸಿಕೊಂಡು ಬಂದ ರಾಮಾಯಣದ ಕಥೆಯಲ್ಲಿಯೇ ಅವರ ಕೊನೆಯ ವೇಷವೂ ನಡೆಯಿತು.

ಕಲಾವಿದನೊಬ್ಬನ ಕೀರ್ತಿಯೇ ಪ್ರಸಂಗವನ್ನು ನಿಶ್ಚಯಿಸುವುದೂ ಉಂಟು. ಹೊನ್ನಾವರದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು (೧೯೩೩–೨೦೧೭) ಭಸ್ಮಾಸುರ, ಕೀಚಕ ಮೊದಲಾದ ವೇಷಗಳಿಂದ ಎಷ್ಟು ಪ್ರಸಿದ್ಧರಾದರೆಂದರೆ, ಅವರು ಬರುವರೆಂದ ಕೂಡಲೆ ಜನರು ಆ ಪ್ರಸಂಗಗಳನ್ನೇ ಕೇಳುವರು. ೨೦೧೨ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಖಳಪಾತ್ರಕ್ಕೆ ನಾಯಕನ ಸ್ಥಾನ ದೊರೆತುದು ಅವರ ಪ್ರತಿಭೆಯ ಗುಣವೇ ಸರಿ. ಆದರೆ ಕೀರ್ತಿವಂತನೊಬ್ಬನಿಗೆ ಹೊಂದಿದ ಪ್ರಸಂಗವನ್ನು ಅವನ ಅನುಕರಣಕಾರರೆಲ್ಲರೂ ಹಿಡಿದರೆ, ಮೇಳಗಳೆಲ್ಲವೂ ಒಂದೇ ನಾಲ್ಕಾರು ರಾತ್ರಿಗಳನ್ನು ಮತ್ತೆ ಮತ್ತೆ ಕಳೆದಂತಾಗುವುದು. ಇತ್ತೀಚಿನ ದಶಕಗಳಲ್ಲಿ ಕಾಲಮಿತಿಯ ಆಟಗಳು ಬಂದು ಇದು ಇನ್ನಷ್ಟು ಬಿಗಿಯಾಗಿದೆ. ಇಡೀ ರಾತ್ರಿಯ ಪ್ರಸಂಗವನ್ನು ಮೂರು ನಾಲ್ಕು ತಾಸುಗಳಿಗೆ ಕತ್ತರಿಸುವಾಗ ಮೊದಲು ಹೋಗುವುದು ಪೂರ್ವರಂಗ, ಆಮೇಲೆ ಚಿಕ್ಕ ಪಾತ್ರಗಳು. ಹೊಸಬನು ಕಲಿಯುತ್ತಿದ್ದುದು ಆ ಚಿಕ್ಕ ಪಾತ್ರಗಳಲ್ಲಿಯೇ ಎಂಬುದನ್ನು ಕತ್ತರಿಸುವವರು ನೆನೆಯಬೇಕು.

ಮೇಳಗಳ ಮಾತು ಹೀಗಾದರೆ, ನಮ್ಮ ಊರುಗಳ ಯುವಕಸಂಘಗಳೂ ಶಾಲೆಗಳೂ ವರ್ಷಕ್ಕೊಂದು ನಾಟಕವನ್ನೋ ಆಟವನ್ನೋ ಆಡುವುದುಂಟು. ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕವನ್ನಾರಿಸುವ ಕೆಲಸವು ಬಹುವರ್ಷ ನನ್ನ ಪಾಲಿಗೂ ಬಂದುದು. ಹವ್ಯಾಸಿಗಳಿಗೆ ಹೊಟ್ಟೆಪಾಡಿನ ಭಯವಿಲ್ಲ. ಆದ್ದರಿಂದ ವೃತ್ತಿಯ ಮೇಳವು ಎತ್ತಲಾರದ ಭಾರವನ್ನು ಅವರು ಎತ್ತಬಹುದು. ಆದರೆ ಕಾಣುವುದು ಬಹುಶಃ ಇದಕ್ಕೆ ವಿಪರೀತ. ಪೇಟೆಯಲ್ಲಿ ಗೆದ್ದ ನಗೆನಾಟಕವನ್ನೇ ತಂದು ಆಡುವರು. ಪಾತ್ರವನ್ನು ನೋಡಿ ಆಳನ್ನು ಹುಡುಕುವುದರ ಬದಲು, ಚಂದಾ ಕೊಟ್ಟವರಿಗೆಲ್ಲ ಪಾತ್ರವನ್ನು ಹುಡುಕುವರು. ಅನುಭವದಿಂದ ನನಗೆ ತೋರಿದುದು ಇಷ್ಟು. ನಾಟಕವನ್ನು ಕೈಗೆ ತೆಗೆದುಕೊಳ್ಳುವ ಮೊದಲು ನಮ್ಮಲ್ಲಿರುವ ಬಾಯಿಗಳನ್ನು ಎಣಿಸಬೇಕು: ಯಾರ ನಾಲಗೆಗೆ ಗ್ರಾಂಥಿಕ ಕನ್ನಡವು ತಿರುಗುವುದು, ಯಾರದು ಮನೆಮಾತಿನಲ್ಲಿಯೇ ಸೊಗಸಾಗುವುದು ಎಂಬುದನ್ನು ನೋಡಬೇಕು. ಭಟಕಳದ ಸಭೆಯಲ್ಲಿ ಕೊಂಕಣಿಯವರೂ ನವಾಯತರೂ ಕುಳಿತಿರುವರು, ಕುಮಟೆಯಲ್ಲಿ ಗಾವಠಿಯ ಸೊಗಡು ಬೇರೆ. ಅವರಿಗೆಲ್ಲ ಮುಟ್ಟುವುದೇ ಎಂದು ವಿಚಾರಿಸಬೇಕು. ಕೊನೆಗೆ, ಇದನ್ನು ನಾವು ಆಡದಿದ್ದರೆ ಇನ್ನಾರಾದರೂ ಆಡುವರೇ ಎಂದು ಕೇಳಿಕೊಳ್ಳಬೇಕು. ಇತರರು ಆಡುವಂಥದಾದರೆ ನಮ್ಮ ಶ್ರಮವನ್ನು ಬೇರೆಡೆ ವಿನಿಯೋಗಿಸಬಹುದು.

ಈ ಕೊನೆಯ ಪ್ರಶ್ನೆಯೇ ನನ್ನನ್ನು ಮತ್ತೆ ಇಗ್ಗಪ್ಪ ಹೆಗ್ಗಡೆಯ ಬಳಿಗೆ ಎಳೆದು ತರುವುದು. ಆ ನುಡಿಯನ್ನು ಆ ಧಾಟಿಯಲ್ಲಿ ಆಡಬಲ್ಲವರು ಬೆಂಗಳೂರಿನಲ್ಲಿ ಎಷ್ಟು ಮಂದಿ? ಕರ್ಕಿ, ಹಳದೀಪುರ, ಮೂರೂರುಗಳಲ್ಲಿ ಇಂದಿಗೂ ಇರುವರು. ಇನ್ನೊಂದು ತಲೆಮಾರಿನ ತರುವಾಯ ಇರುವರೆಂಬ ಧೈರ್ಯವಿಲ್ಲ. ಕನ್ಯಾವಿಕ್ರಯವು ಮುಗಿದ ಕಥೆ, ಈಗ ಅದನ್ನು ಆಡಿ ಫಲವೇನು ಎಂದು ಯಾರಾದರೂ ಕೇಳಿಯಾರು. ಪದ್ಧತಿಯು ಅಳಿದುದು ನಿಜ. ಅದರ ಬೇರು ಅಳಿಯಿತೇ? ಇಂದು ನಮ್ಮ ತೋಟದ ಮನೆಗಳಲ್ಲಿ ಪ್ರಾಯ ಬಂದ ಹುಡುಗರಿಗೆ ಹೆಣ್ಣು ಸಿಕ್ಕದೆ, ದೂರದ ಪ್ರಾಂತಗಳಿಂದ ವಧುಗಳನ್ನು ಕರೆತರುವುದನ್ನು ಎಲ್ಲರೂ ಕಾಣುತ್ತಿದ್ದೇವೆ. ಅಲ್ಲಿ ಮನೆಗಳು ಕೂಡುವಂತೆಯೇ ಕೆಲವೆಡೆ ಹಣದ ಮಾತೂ ದಲ್ಲಾಳಿಯ ಮಾತೂ ನುಸುಳುವುದೆಂಬುದು ಬಲ್ಲವರ ಮಾತು. ಮದುವೆಯ ಚಪ್ಪರದಲ್ಲಿ ಹಣಕ್ಕೆ ಎಷ್ಟು ಎಡೆ ಎಂಬ ಸೂರಿಯವರ ಪ್ರಶ್ನೆಯು ವೇಷ ಬದಲಿಸಿಕೊಂಡು ಮತ್ತೆ ನಮ್ಮ ಜಗಲಿಗೆ ಬಂದು ಕುಳಿತಿದೆ. ಅದನ್ನು ಇನ್ನೊಬ್ಬರು ಬಂದು ನಮಗೆ ಕೇಳಿದರೆ ಅಪಮಾನವೆನಿಸೀತು. ನಮ್ಮೂರಿನವನೊಬ್ಬನು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ನಮ್ಮದೇ ಮಾತಿನಲ್ಲಿ, ನಗುತ್ತ ಕೇಳಿರುವಾಗ ನಾವು ಕೇಳಿಸಿಕೊಳ್ಳಲಾರೆವೇ?

ಪೌರಾಣಿಕ ಪ್ರಸಂಗಗಳನ್ನು ಬಿಡಬೇಕೆಂದು ನಾನು ಹೇಳುವವನಲ್ಲ. ಅವುಗಳ ಅನ್ನವನ್ನುಂಡು ಬೆಳೆದ ನಾಲಗೆ ಇದು. ಗಿರೀಶ ಕಾರ್ನಾಡರು ಬಾಲ್ಯದಲ್ಲಿ ಸಿರಸಿಯಲ್ಲಿ ಕಂಡ ಆಟಗಳ ಸಂಸ್ಕಾರದಿಂದಲೇ ಹಯವದನದಂಥ ನಾಟಕಕ್ಕೆ ಭಾಗವತನನ್ನು ಕರೆತಂದರೆಂಬುದೂ ಆ ಪರಂಪರೆಯ ಶಕ್ತಿಗೆ ಸಾಕ್ಷಿಯೇ. ನಾನು ಕೇಳುವುದು ಬಹಳ ಚಿಕ್ಕದು. ಋತುವಿನಲ್ಲಿ ಹತ್ತು ಆಟಗಳಾದರೆ ಎಂಟು ಜನರು ಬಲ್ಲವೂ ಬಯಸುವವೂ ಆಗಿರಲಿ. ಒಂಬತ್ತನೆಯದು ಅಟ್ಟದಿಂದ ಇಳಿಸಿ ಧೂಳು ಕೊಡವಿದ ಹಳೆಯ ಪ್ರಸಂಗವಾಗಲಿ. ಹತ್ತನೆಯದು ನೋಡುವವರನ್ನೇ ರಂಗದ ಮೇಲೆ ನಿಲ್ಲಿಸುವಂಥದಾಗಲಿ. ಹತ್ತನೆಯದಕ್ಕೆ ವೀಳ್ಯ ಕೊಡುವ ಯಜಮಾನನು ದೊರೆಯನೆಂದು ಅಂಜುವುದಾದರೆ, ನಮ್ಮ ಸಂಘದಂಥ ಸಂಸ್ಥೆಗಳಿರುವುದು ಮತ್ತಾವುದಕ್ಕೆ?

ಕರ್ಕಿಯ ದೇವಸ್ಥಾನದ ಅಂಗಳದಲ್ಲಾಗಲಿ, ಹೊನ್ನಾವರದ ಶಾಲೆಯ ಸಭಾಗೃಹದಲ್ಲಾಗಲಿ, ಮುಂದಿನ ದೀಪಾವಳಿಯಾದ ಮೇಲೆ ಆ ಪ್ರಹಸನವನ್ನು ಒಮ್ಮೆ ಆಡಿನೋಡುವಂತೆ ತರುಣರಲ್ಲಿ ವಿಜ್ಞಾಪಿಸುತ್ತೇನೆ. ನುಡಿಯ ಉಚ್ಚಾರವನ್ನು ತಿದ್ದಿಕೊಡುವ ವೃದ್ಧರು ಮೂರು ತಾಲೂಕುಗಳಲ್ಲಿಯೂ ಇದ್ದಾರೆ. ಕರೆದರೆ ಸಂತೋಷದಿಂದ ಬರುವರು. ಈ ಲೇಖಕನನ್ನೂ ಅವರಲ್ಲಿ ಸೇರಿಸಿಕೊಳ್ಳಬಹುದು.